ಗುಜರಿಯಿಂದ ಬಂದ ಹುಲ್ಲಿನ ಗಾಡಿ

ನಮ್ಮ ಮಾವಿನ ತೋಟಕ್ಕೆ ನೇಗಿಲು ತಾಗಿ ಇಪ್ಪತ್ತು ವರ್ಷ ಆಯ್ತು. ಉಳೋ ಬದಲು ಹುಲ್ಲು ಕೊಯ್ತೀನಿ. ಅದೂ ಕುಡುಗೋಲಲ್ಲಿ ಅಲ್ಲ, ಹಿಂದೆ ನಡ್ಕೊಂಡು ಓಡಿಸೋ ಒಂದು ಹಳೇ ಪೆಟ್ರೋಲ್ ಗಾಡಿಯಲ್ಲಿ. ಅದರ ವಯಸ್ಸು ನನಗಿಂತ ಜಾಸ್ತಿ ಇರಬೇಕು. ಈ ಗಾಡಿ ನಮ್ಮ ಮಣ್ಣು ಉಳಿಸಿದೆ, ನನ್ನ ಒಂದು ಬೆರಳಿನ ತುದಿಯನ್ನೂ ತಗೊಂಡಿದೆ. ಎರಡನ್ನೂ ಬರೀತೀನಿ.

ನನ್ನ ಜಮೀನು ಬಂಗಾರಪೇಟೆ ತಾಲ್ಲೂಕು ಬೂದಿಕೋಟೆ ಕಡೆ. ಒಟ್ಟು ನಾಲ್ಕೂವರೆ ಎಕರೆ, ಪೂರಾ ಮಳೆ ಆಶ್ರಯ. ಎರಡೂವರೆ ಎಕರೆಯಲ್ಲಿ ಅಪ್ಪ ಹಾಕಿದ ಮಾವು, ಹೆಚ್ಚಿನವು ತೋತಾಪುರಿ, ಒಂದಿಷ್ಟು ಬಾದಾಮಿ. ಉಳಿದದ್ದರಲ್ಲಿ ರಾಗಿ, ಅವರೆ. ಮಾವಿನ ತೋಟ ಇಳಿಜಾರು, ಕೆಮ್ಮಣ್ಣು. ನಮ್ಮ ಕಡೆ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಅದು ಹದವಾಗಿ ಬಂದ್ರೆ ದೇವರು. ಬರೋದು ಮಾತ್ರ ಒಂದೇ ರಾತ್ರಿಗೆ ಸುರಿದು ಹೋಗೋ ಹಾಗೆ.

ಉಳುಮೆ ಯಾಕೆ ಬಿಟ್ಟೆ

ಮೊದಲು ನಾನೂ ಎಲ್ಲರ ಹಾಗೆ ವರ್ಷಕ್ಕೆ ಎರಡು ಸಾರಿ ಟ್ರಾಕ್ಟರ್ ಹೊಡೆಸ್ತಿದ್ದೆ. ಕಾಯಿ ಕಿತ್ತ ಮೇಲೆ ಒಂದು, ಹಿಂಗಾರು ಮುಗಿಯುವಾಗ ಇನ್ನೊಂದು. ತೋಟ ನೋಡೋಕೆ ಕನ್ನಡಿ ಹಾಗಿರ್ತಿತ್ತು. ಆದ್ರೆ ಮಳೆ ಬಂದ ಮಾರನೇ ದಿನ ಕೆಳಗಿನ ಬದುವಿನ ಹತ್ತಿರ ಹೋಗಿ ನೋಡಿದ್ರೆ ಮೊಣಕಾಲು ಮುಳುಗುವಷ್ಟು ಕೆಸರು. ಅದು ನಮ್ಮ ತೋಟದ ಮೇಲ್ಮಣ್ಣು. ಬದು ದಾಟಿದ್ದು ಕೆರೆಗೆ. ಮೇಲಿನ ಸಾಲಿನ ಮರಗಳಲ್ಲಿ ಬೇರು ಕಾಣೋಕೆ ಶುರು ಆಯ್ತು. ಮಾವಿನ ಸಣ್ಣ ಬೇರು ನೆಲದ ಮೇಲ್ಪದರದಲ್ಲೇ ಹರಡಿರುತ್ತೆ. ನೇಗಿಲು ಅದನ್ನೇ ಹರೀತಿತ್ತು.

ಉಳದೆ ಬಿಟ್ರೆ ಹುಲ್ಲು, ಕಾಂಗ್ರೆಸ್ ಗಿಡ ಸೊಂಟದುದ್ದ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಯಾರೋ ಬೀಡಿ ಎಸೆದ್ರೆ ತೋಟವೇ ಬೂದಿ. ಕೂಲಿಯವರಿಂದ ಕೊಯ್ಯಿಸೋಣ ಅಂದ್ರೆ ಜನ ಎಲ್ಲಿ? ಬೆಳಗಿನ ಜಾವ ಮಾರಿಕುಪ್ಪಂ ಕಡೆಯಿಂದ ಬರೋ ರೈಲಿಗೆ ಬಂಗಾರಪೇಟೆ ಸ್ಟೇಷನ್ನಲ್ಲಿ ನಿಂತು ನೋಡಿ. ದುಡಿಯೋ ವಯಸ್ಸಿನವರೆಲ್ಲ ಊಟದ ಡಬ್ಬಿ ಹಿಡ್ಕೊಂಡು ಬೆಂಗಳೂರಿಗೆ. ನಮ್ಮ ಹುಡುಗನೂ ಅದರಲ್ಲೇ ಹೋಗ್ತಾನೆ.

ಗುಜರಿಯಲ್ಲಿ ಕಂಡದ್ದು

ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಜಾನ್ ಟೇಲರ್ ಕಂಪನಿ ಕಾಲದಿಂದ ಅಲ್ಲಿ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ, ಅದಕ್ಕೆ ತಕ್ಕ ಹುಲ್ಲುಹಾಸು ಇದ್ದವು. ಗಣಿ ನಿಂತ ಮೇಲೆ ಎಷ್ಟೋ ಹಳೇ ಸಾಮಾನು ಕೈ ಬದಲಾಗಿ ಗುಜರಿ ಸೇರಿತು. 2004ರಲ್ಲಿ ಪಂಪಿನ ಪೈಪು ಹುಡುಕಿಕೊಂಡು ಆಂಡರ್ಸನ್‌ಪೇಟೆಗೆ ಹೋಗಿದ್ದೆ. ಗುಜರಿಯ ಮೂಲೆಯಲ್ಲಿ ಎರಡು ಚಕ್ರ, ಎರಡು ಉದ್ದ ಹಿಡಿ, ಮುಂದೆ ಮೂರಡಿ ಅಗಲದ ಹಲ್ಲಿನ ಪಟ್ಟಿ ಇರೋ ಗಾಡಿ ತುಕ್ಕು ಹಿಡಿದು ನಿಂತಿತ್ತು. ಹೆಸರಿನ ತಗಡು ಸವೆದು ಅಕ್ಷರ ಕಾಣ್ತಿರಲಿಲ್ಲ. ಯಾವ ಬಂಗಲೆಯದೋ, ಯಾವ ಮೈದಾನದ್ದೋ ಗುಜರಿಯವನಿಗೂ ತಿಳೀದು. ಕಬ್ಬಿಣದ ತೂಕದ ಲೆಕ್ಕದಲ್ಲಿ 2,200 ರೂಪಾಯಿಗೆ ಕೊಟ್ಟ.

ಮನೆಗೆ ತಂದಾಗ ನಮ್ಮನೆಯವಳು, "ಪೈಪು ತರ್ತೀನಿ ಅಂತ ಹೋಗಿ ಹೆಣ ತಂದ್ಯಲ್ಲ" ಅಂದಳು. ಅವಳ ಮಾತಲ್ಲಿ ಸುಳ್ಳೇನೂ ಇರಲಿಲ್ಲ. ಹಗ್ಗ ಎಳೆದ್ರೆ ಎಂಜಿನ್ ಅಲ್ಲಾಡ್ತಾನೇ ಇರಲಿಲ್ಲ.

ಅದಕ್ಕೆ ಜೀವ ಕೊಟ್ಟವರು ಗಣಿಯ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದ ಒಬ್ಬ ಹಿರಿಯರು. ಗಣಿ ಮುಚ್ಚಿದ ಮೇಲೆ ಮನೆ ಮುಂದೆ ಪಂಪು, ಸ್ಕೂಟರ್ ರಿಪೇರಿ ಮಾಡ್ತಿದ್ದರು. ನಾನು ಮೇಸ್ತ್ರಿ ಅಂತಿದ್ದೆ, ಅವರು ನನ್ನ ತಂಬಿ ಅಂತಿದ್ದರು. ಅವರದು ಅರ್ಧ ತಮಿಳು ಅರ್ಧ ಕನ್ನಡ. "ರಿಪೇರಿ ನಾನ್ ಮಾಡಲ್ಲ ತಂಬಿ, ನೀನೇ ಮಾಡ್ಬೇಕು. ನಾನ್ ಪಕ್ಕದಲ್ ಕೂತಿರ್ತೀನಿ" ಅಂದರು. ನನಗೆ ಆಗ ಸಿಟ್ಟು ಬಂತು. ಏಳನೇ ಕ್ಲಾಸು ಓದಿದ ಬೇಸಾಯಗಾರನಿಗೆ ಎಂಜಿನ್ ಏನು ಗೊತ್ತು? ಆದ್ರೂ ಎಂಟು ಭಾನುವಾರ ಹೋದೆ. ಒಂದೊಂದು ಬೋಲ್ಟ್ ಬಿಚ್ಚಿದಾಗಲೂ ಗೋಣಿ ಮೇಲೆ ಸಾಲಾಗಿ ಇಡಿಸಿದರು, ತಿರುಗಿ ಅದೇ ಸಾಲಿನಲ್ಲಿ ಹಾಕಿಸಿದರು. ಜಾಮ್ ಆದ ಪಿಸ್ಟನ್ನಿಗೆ ಪ್ಲಗ್ ತೂತಿನಿಂದ ಡೀಸೆಲ್, ಎಣ್ಣೆ ಬೆರೆಸಿ ಹಾಕಿ ಹತ್ತು ದಿನ ಬಿಟ್ಟು, ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟಿ ಬಿಡಿಸಿದೆವು. ಪಿಸ್ಟನ್ ರಿಂಗ್ ಅಳತೆ ತಗೊಂಡು ಬೆಂಗಳೂರು ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದೆ. ಒಟ್ಟು 4,500 ರೂಪಾಯಿ ರಿಪೇರಿಗೆ ಆಯ್ತು. ಒಂಬತ್ತನೇ ಭಾನುವಾರ ಗಾಡಿ ಹೊಗೆ ಕಕ್ಕಿ ಶುರುವಾಯ್ತು.

ಗಾಡಿ ಕೆಲಸ ಮಾಡೋ ರೀತಿ

ಕ್ಷೌರದಂಗಡಿಯ ಮಿಷಿನ್ ನೋಡಿರ್ತೀರಿ. ಕೆಳಗೆ ಅಲ್ಲಾಡದ ಹಲ್ಲು, ಮೇಲೆ ಆ ಕಡೆ ಈ ಕಡೆ ಓಡಾಡೋ ಹಲ್ಲು. ಇದೂ ಅಷ್ಟೇ. ಮುಂದಿನ ಪಟ್ಟಿಯಲ್ಲಿ ಚೂಪಾದ ಕಬ್ಬಿಣದ 'ಬೆರಳು'ಗಳಿವೆ. ಅವುಗಳ ನಡುವೆ ತ್ರಿಕೋನದ ಅಲಗುಗಳನ್ನು ರಿವೆಟ್ ಹೊಡೆದ ಒಂದು ಪಟ್ಟಿ ಓಡಾಡುತ್ತೆ. ಹುಲ್ಲು ಬೆರಳಿನ ಸಂದಿಗೆ ಬಂದ್ರೆ ಕತ್ತರಿಗೆ ಸಿಕ್ಕ ಹಾಗೆ. ಬುಡದಲ್ಲಿ ಕತ್ತರಿಸಿದ ಹುಲ್ಲು ಉದ್ದಕ್ಕೆ ಮಲಗುತ್ತೆ. ಪುಡಿ ಆಗಲ್ಲ, ಹಸುವಿಗೆ ಹಾಕಬಹುದು. ಬೆನ್ನಿಗೆ ಕಟ್ಟಿಕೊಳ್ಳೋ ಈಗಿನ ಬ್ರಷ್ ಕಟರ್ ಹುಲ್ಲನ್ನು ಚದುರಿಸಿ ಕಲ್ಲುಮಣ್ಣು ಹಾರಿಸುತ್ತೆ. ಸ್ವಿಟ್ಜರ್‌ಲ್ಯಾಂಡ್, ಆಸ್ಟ್ರಿಯಾ ದೇಶದ ಬೆಟ್ಟದ ರೈತರು ಇಳಿಜಾರಿನಲ್ಲಿ ಈಗಲೂ ಇಂಥ ಕತ್ತರಿಪಟ್ಟಿಯ ಗಾಡಿಯಲ್ಲೇ ಒಣಹುಲ್ಲು ಮಾಡ್ಕೋತಾರೆ.

ನನ್ನ ಗಾಡಿಯಲ್ಲಿ ಕ್ಲಚ್ ಇರೋದು ಚಕ್ರಕ್ಕೆ ಮಾತ್ರ. ಎಂಜಿನ್ ತಿರುಗುವಷ್ಟು ಹೊತ್ತೂ ಅಲಗು ಆಡ್ತಲೇ ಇರುತ್ತೆ. ಹಿಂದಕ್ಕೆ ಹೋಗೋ ಗೇರ್ ಇಲ್ಲ. ಇದನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತೆ.

ವರ್ಷಕ್ಕೆ ಮೂರು ಕೊಯ್ಲು

ಮೊದಲನೇದು ಜುಲೈ ಕೊನೆಗೆ, ಕಾಯಿ ಕಿತ್ತಾದ ಮೇಲೆ. ಇದು ಕಾಂಗ್ರೆಸ್ ಗಿಡಕ್ಕೆ. ಹೂ ಬಿಡೋ ಮೊದಲೇ ಕೊಯ್ಯಬೇಕು. ಕೊಯ್ದ ಮಾತ್ರಕ್ಕೆ ಅದು ಸಾಯಲ್ಲ, ಬುಡದಿಂದ ಮತ್ತೆ ಚಿಗುರುತ್ತೆ. ಮಳೆ ಬಂದು ನೆಲ ಮೆತ್ತಗಾದಾಗ ಉಳಿದ ಬುಡಗಳನ್ನು ಕೈಗೆ ಚೀಲ ಕಟ್ಟಿಕೊಂಡು ಕಿತ್ತುಬಿಡ್ತೀನಿ. ಬರಿಗೈಯಲ್ಲಿ ಮುಟ್ಟಿದ್ರೆ ತುರಿಕೆ. ಎಲೆ ಮೇಲೆ ಕಪ್ಪು ಗೆರೆಯ ಸಣ್ಣ ಜೀರುಂಡೆ ಕಂಡ್ರೆ ಆ ತಾಕು ಬಿಟ್ಟು ಕೊಯ್ತೀನಿ. ಅದು ಮೆಕ್ಸಿಕೋದ ಹುಳ, ಕಾಂಗ್ರೆಸ್ ಗಿಡ ತಿನ್ನಲಿ ಅಂತ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಪುಕ್ಕಟೆ ಕೂಲಿಯಾಳು, ಅವನ ಊಟ ಕಿತ್ಕೋಬಾರದು.

ಎರಡನೇದು ಹಸ್ತ ಮಳೆ ಮುಗಿದು ಚಿತ್ತೆಯಲ್ಲಿ ಬಿಸಿಲು ಸಿಕ್ಕಾಗ. ಹುಲ್ಲು ಹೂವಿಗೆ ಬಂದಿರುತ್ತೆ, ಕಾಳು ಕಟ್ಟಿರಲ್ಲ. ಇದು ಹಸುಗಳಿಗೆ. ನಮ್ಮ ಮನೆ ಎರಡು ಸೀಮೆಹಸುವಿಗೆ ಒಂದು ಬಣವೆ ಆಗುತ್ತೆ. ಡೈರಿಗೆ ಹಾಲು ಹಾಕೋರಿಗೆ ಬೇಸಿಗೆಯಲ್ಲಿ ಒಣಹುಲ್ಲಿನ ಬೆಲೆ ಏನು ಅಂತ ನಾನು ಹೇಳಬೇಕಿಲ್ಲ.

ಮೂರನೇದು ಡಿಸೆಂಬರ್‌ನಲ್ಲಿ, ಹೂ ಮೊಗ್ಗು ಕಾಣೋ ಮುಂಚೆ. ಈ ಹುಲ್ಲನ್ನು ಮರದ ಬುಡಕ್ಕೆ ಒಂದು ಗೇಣು ದಪ್ಪ ಹಾಸ್ತೀನಿ. ಕಾಂಡದಿಂದ ಒಂದು ಮೊಳ ಬಿಟ್ಟೇ ಹಾಸಬೇಕು, ಒತ್ತಿಕೊಂಡು ಹಾಕಿದ್ರೆ ಗೆದ್ದಲು ಕಾಂಡಕ್ಕೆ ಹತ್ತುತ್ತೆ. ತೋಟದ ಸುತ್ತ ಹತ್ತಡಿ ಅಗಲ ನುಣ್ಣಗೆ ಕೊಯ್ದು ಹುಲ್ಲೆಲ್ಲ ಒಳಗೆ ಎಳೆದುಬಿಡ್ತೀನಿ. ಅದೇ ಬೆಂಕಿಗೆ ಬೇಲಿ.

ಯಾವ ಕೊಯ್ಲಿನಲ್ಲೂ ನೆಲಕ್ಕೆ ಒತ್ತಿ ಕೊಯ್ಯಲ್ಲ. ಮೂರು ಇಂಚು ಬುಡ ಬಿಡ್ತೀನಿ. ಇಳಿಜಾರಿಗೆ ಅಡ್ಡಡ್ಡ ನಡೀತೀನಿ. ಮೊದಲ ವರ್ಷ ಪಕ್ಕದ ಹೊಲದವರು ಬೇಲಿ ಹತ್ತಿರ ನಿಂತು, "ಏನಣ್ಣಾ, ತೋಟಕ್ಕೆ ಕ್ಷೌರ ಮಾಡಿಸ್ತಿದ್ದೀಯಾ?" ಅಂತ ನಕ್ಕಿದ್ದರು. 2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಗೆಲ್ಲ ಸುರಿದ ಮಳೆ ನಿಮಗೆ ನೆನಪಿರಬೇಕು. ಕೆರೆಗಳು ಕೋಡಿ ಬಿದ್ದವು, ಕೊಯ್ದ ರಾಗಿ ಹೊಲದಲ್ಲೇ ಮೊಳಕೆ ಬಂತು. ನನ್ನ ರಾಗಿಯೂ ಹೋಯ್ತು. ಆದ್ರೆ ಮಾವಿನ ತೋಟದಿಂದ ಬದುವಿಗೆ ಬಂದ ನೀರು ಹೆಚ್ಚುಕಮ್ಮಿ ತಿಳಿಯಾಗಿತ್ತು. ಅವರ ಉತ್ತ ತೋಟದಿಂದ ಬಂದದ್ದು ಕೆಂಪು ಗಂಜಿ. ಆಮೇಲೆ ಅವರು ಕ್ಷೌರದ ಮಾತು ಎತ್ತಿಲ್ಲ.

ಬೆರಳು ಹೋದ ದಿನ

2009, ಚಿತ್ತೆ ಮಳೆ ಕಾಲ. ಸಂಜೆ, ಇನ್ನೆರಡು ಸಾಲು ಉಳಿದಿತ್ತು. ಹುಲ್ಲಿನೊಳಗಿನ ಕಲ್ಲೊಂದು ಬೆರಳಿನ ಸಂದಿಗೆ ಸಿಕ್ಕು ಅಲಗು ಬಿಗಿದು ಎಂಜಿನ್ ತಾನಾಗಿ ನಿಂತಿತು. ಎಂಜಿನ್ ನಿಂತಿದೆಯಲ್ಲ ಅಂತ ಬಗ್ಗಿ ಎಡಗೈಯಲ್ಲಿ ಕಲ್ಲು ಎಳೆದೆ. ಕಲ್ಲು ಬಂದ ಕ್ಷಣಕ್ಕೆ ಅಲಗು ಒಂದೇ ಸಲ ಜಿಗೀತು. ಉಂಗುರದ ಬೆರಳಿನ ಮೇಲಿನ ಗಿಣ್ಣು ಹೋಯ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮೇಸ್ತ್ರಿ ವಿವರ ಹೇಳಿದರು. ಎಂಜಿನ್ ಜಾಮ್ ಆಗಿ ನಿಂತಾಗ ಒಳಗೆ ಸಿಲಿಂಡರಿನಲ್ಲಿ ಗಾಳಿ ಒತ್ತಿ ಹಿಡಿದುಕೊಂಡಿರುತ್ತೆ. ತಡೆ ತೆಗೆದ್ರೆ ಆ ಗಾಳಿ ಪಿಸ್ಟನ್ನನ್ನು ತಳ್ಳುತ್ತೆ, ಪಿಸ್ಟನ್ ಅಲಗನ್ನು ತಳ್ಳುತ್ತೆ. ನಿಂತ ಗಾಡಿಯೂ ಕಚ್ಚುತ್ತೆ ಅನ್ನೋದು ಆವತ್ತು ತಿಳೀತು. ಅವರು ನನ್ನ ಬೈಯಲಿಲ್ಲ. "ಇದು ನಾನ್ ಹೇಳ್ಬೇಕಿತ್ತು ತಂಬಿ, ಮರ್ತೆ" ಅಂತ ಸುಮ್ಮನೆ ಕೂತರು. ಆ ಮಾತು ನನಗೆ ಗಾಯಕ್ಕಿಂತ ಜಾಸ್ತಿ ನೋವಾಯ್ತು. ಅದಕ್ಕೇ ಇಲ್ಲಿ ಬರೀತಿದ್ದೀನಿ, ಹೇಳೋದು ಮರೀಬಾರದು ಅಂತ.

ಅಲ್ಲಿಂದ ಈಚೆಗೆ ನನ್ನ ಕಟ್ಟಳೆ ಹೀಗೆ:

ಒಂದು, ಸಿಕ್ಕಿಕೊಂಡ್ರೆ ಮೊದಲು ಪ್ಲಗ್ಗಿನ ವೈರ್ ಟೋಪಿ ಕೀಳೋದು. ಆಮೇಲೆ ಪ್ಲಗ್ಗನ್ನೇ ಬಿಚ್ಚಿ ಗಾಳಿ ಬಿಡೋದು. ಆದಮೇಲೂ ಕೈ ಹಾಕಲ್ಲ, ಗಟ್ಟಿ ಕಡ್ಡಿಯಿಂದ ತಳ್ಳೋದು.

ಎರಡು, ಮಳೆಗಾಲಕ್ಕೆ ಮುಂಚೆ ಹುಲ್ಲು ಚಿಕ್ಕದಿರುವಾಗ ತೋಟವೆಲ್ಲ ನಡೆದು ಕಲ್ಲು ಆರಿಸೋದು. ಅಲ್ಲಾಡದ ಬಂಡೆ ಪಕ್ಕ ಗೂಟ ನೆಟ್ಟು ಸುಣ್ಣ ಬಳಿಯೋದು.

ಮೂರು, ಕೊಯ್ಯುವಾಗ ಮುಂದೆ ಯಾರೂ ಇರಕೂಡದು. ಮಕ್ಕಳು, ನಾಯಿ, ಮೇಕೆ ಯಾವುದೂ. ಈ ಗಾಡಿ ತಟ್ಟನೆ ಹಿಂದಕ್ಕೆ ಬರಲ್ಲ.

ನಾಲ್ಕು, ತೋಟಕ್ಕೆ ಹೋಗಿ ಬರುವಾಗ ಅಲಗಿಗೆ ಸೀಳಿದ ಪಿ.ವಿ.ಸಿ. ಪೈಪು ಹಾಕಿ ಕಟ್ಟೋದು.

ಐದು, ಸಂಜೆ ಆಯ್ತು, ಇನ್ನೆರಡೇ ಸಾಲು ಅನ್ನೋ ಆಸೆ ಬಂದ್ರೆ ನಿಲ್ಲಿಸೋದು.

ಗಾಡಿ ಸಾಕೋದು

ಹಳೇ ಗಾಡಿ ಕೆಡೋದು ವಯಸ್ಸಾಗಿ ಅಲ್ಲ, ಕೆಲಸ ಮುಗಿದ ಮೇಲಿನ ಅರ್ಧ ಗಂಟೆ ನಾವು ಕೊಡದೆ ಇರೋದರಿಂದ. ಎತ್ತು ಬಿಚ್ಚಿದ ಮೇಲೆ ಮೈ ತೊಳೆದು ನೀರು ತೋರಿಸಲ್ವೇ, ಹಾಗೆ.

*ಅಲಗು:* ಕೊಯ್ಯುವಾಗ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಎಣ್ಣೆ ಬಿಡಬೇಕು. ಎಂಜಿನ್‌ನಿಂದ ತೆಗೆದ ಹಳೇ ಆಯಿಲ್ ಸಾಕು. ಮಸೆಯುವಾಗ ಮೇಲಿನ ಓರೆ ಮಾತ್ರ ಸಾಣೆಗೆ ಕೊಡಿ, ಮೊದಲಿದ್ದ ಓರೆಯನ್ನೇ ಉಳಿಸಿ. ಕೆಳಗಿನ ಚಪ್ಪಟೆ ಮೈ ಮುಟ್ಟಬೇಡಿ. ನೀಲಿ ಬಣ್ಣ ತಿರುಗುವಷ್ಟು ಬಿಸಿ ಮಾಡಿದ್ರೆ ಉಕ್ಕು ಮೆತ್ತಗಾಯ್ತು ಅಂತ ಲೆಕ್ಕ. ಹೊಸ ಅಲಗಿಗೆ ಭತ್ತದ ಕಟಾವು ಯಂತ್ರದ ಅಲಗು ತಂದೆ. ತೂತು ಹೊಂದಲಿಲ್ಲ. ಅಲಗಿನ ಅಂಚು ಗಟ್ಟಿ, ಬೆನ್ನು ಮೆತ್ತಗಿರುತ್ತೆ, ಲೇತಿನವರು ಬೆನ್ನಿಗೆ ಬೇರೆ ತೂತು ಹೊಡೆದುಕೊಟ್ಟರು.

*ಸಂದಿ:* ಅಲಗಿನ ಪಟ್ಟಿ ಕೈಯಲ್ಲಿ ತಳ್ಳಿದ್ರೆ ಸರಿಯಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಪ್ಲಗ್ ಬಿಚ್ಚಿಟ್ಟು, ಸಂದಿಗೆ ಉದ್ದ ಹುಲ್ಲಿನ ಕಡ್ಡಿ ಕೊಟ್ಟು ಎಂಜಿನ್ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಕಚಕ್ಕಂತ ಕತ್ತರಿಸಿದ್ರೆ ಸರಿ. ಮಡಿಚಿ ಜಗಿದ್ರೆ ಸಂದಿ ಜಾಸ್ತಿ, ಒತ್ತುಪಟ್ಟಿ ಬಿಗಿ ಮಾಡಬೇಕು. ಹುಲ್ಲು ಜಗಿಯೋ ಗಾಡಿಗೆ ಜನ ಎಂಜಿನ್ ಶಕ್ತಿ ಸಾಲದು ಅಂತಾರೆ. ಹತ್ತರಲ್ಲಿ ಎಂಟು ಸಾರಿ ತಪ್ಪು ಎಂಜಿನ್ನಿನದಲ್ಲ, ಸಂದಿಯದು.

*ಗಾಳಿ ಮತ್ತು ಆಯಿಲ್:* ನಮ್ಮ ಕೆಮ್ಮಣ್ಣಿನ ಧೂಳೇ ಎಂಜಿನ್ನಿಗೆ ವಿಷ. ಏರ್ ಫಿಲ್ಟರ್ ಪ್ರತಿ ದಿನದ ಕೆಲಸ ಮುಗಿದ ಮೇಲೆ ತೊಳೆದು, ಬಟ್ಟಲಿಗೆ ಹೊಸ ಆಯಿಲ್ ಹಾಕ್ತೀನಿ. ಎಂಜಿನ್ ಆಯಿಲ್ 25 ಗಂಟೆಗೊಮ್ಮೆ ಬದಲು. ಗಂಟೆ ಲೆಕ್ಕ ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಿನಲ್ಲಿ ಗೀಟು ಎಳೀತೀನಿ.

*ಕಿಡಿ:* ಶುರು ಆಗದಿದ್ರೆ ಮೊದಲು ಪ್ಲಗ್ ನೋಡಿ. ಸಂದು ಅರ್ಧ ಮಿಲ್ಲಿಮೀಟರ್ ಇದ್ರೆ ಸಾಕು. ಪ್ಲಗ್ ಸರಿ ಇದ್ದೂ ಕಿಡಿ ಇಲ್ಲ ಅಂದ್ರೆ ಮ್ಯಾಗ್ನೆಟ್ ಒಳಗಿನ ಪಾಯಿಂಟ್ ಕಪ್ಪಾಗಿರುತ್ತೆ. ಸಣ್ಣ ಎಮರಿ ಕಾಗದದಲ್ಲಿ ಒಂದೆರಡು ಸಾರಿ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ಬಹಳ ಗಾಡಿ ಗುಜರಿಗೆ ಹೋಗೋದು ಈ ಒಂದು ಕಪ್ಪು ಚುಕ್ಕೆಗೆ.

*ಪೆಟ್ರೋಲ್:* ಇದು ಹೊಸ ತಲೆನೋವು. ಈಗ ಬಂಕಿನಲ್ಲಿ ಸಿಗೋದು ಶೇಕಡಾ 20 ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯ ತೇವ ಹೀರುತ್ತೆ. ನೀರು ಜಾಸ್ತಿ ಆದ್ರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತೆ. ಹಳೇ ರಬ್ಬರ್ ಪೈಪು, ವಾಷರ್ ಉಬ್ಬಿ ಮೆತ್ತಗಾಗುತ್ತೆ. 2023ರಲ್ಲಿ ನನ್ನ ಗಾಡಿ ಪೈಪು ಒಡೆದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿತ್ತು, ಬೆಂಕಿ ಹತ್ತದೆ ಇದ್ದದ್ದು ಪುಣ್ಯ. ಎಥನಾಲ್ ತಡೆಯೋ ಪೈಪು ಕೇಳಿ ಹಾಕಿಸಿ. ಆವತ್ತಿಗೆ ಬೇಕಾದಷ್ಟೇ ತನ್ನಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಉರಿದು ತಾನಾಗಿ ನಿಲ್ಲೋವರೆಗೂ ಓಡಿಸಿ.

*ಬೇಸಿಗೆ ನಿದ್ದೆ:* ಜನವರಿಯಿಂದ ಗಾಡಿಗೆ ರಜ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಹಗ್ಗ ಎರಡು ಸಾರಿ ಮೆಲ್ಲಗೆ ಎಳೀತೀನಿ. ಆಮೇಲೆ ಪ್ಲಗ್ ಹಾಕಿ, ವೈರ್ ಕಿತ್ತೇ ಇಟ್ಟು, ಹಗ್ಗ ಬಿಗಿಯೋ ಜಾಗಕ್ಕೆ ತಂದು ಬಿಡ್ತೀನಿ. ಆಗ ವಾಲ್ವ್ ಎರಡೂ ಮುಚ್ಚಿರುತ್ತೆ, ತೇವ ಒಳಗೆ ಹೋಗಲ್ಲ. ಅಲಗಿಗೆ ಗ್ರೀಸ್ ಸವರಿ, ಚಕ್ರದ ಅಡಿ ಮರದ ತುಂಡು ಕೊಟ್ಟು, ಗೋಣಿ ಹೊದಿಸ್ತೀನಿ. ಪ್ಲಾಸ್ಟಿಕ್ ಹೊದಿಸಿದ್ರೆ ಒಳಗೇ ಬೆವತು ತುಕ್ಕು.

ಲೆಕ್ಕ

ಒಂದು ಎಕರೆಗೆ ಮೂರು ಗಂಟೆ, ಮೂರು ಲೀಟರ್ ಪೆಟ್ರೋಲ್. ಎರಡೂವರೆ ಎಕರೆಗೆ ಮೂರು ಕೊಯ್ಲಿಗೆ ವರ್ಷಕ್ಕೆ 22-23 ಲೀಟರ್. ಲೀಟರಿಗೆ ನೂರು ರೂಪಾಯಿ ದಾಟಿದ್ರೂ, ಆಯಿಲ್, ಸಣ್ಣಪುಟ್ಟ ರಿಪೇರಿ ಸೇರಿ 4,000 ರೂಪಾಯಿ ಒಳಗೆ ಮುಗಿಯುತ್ತೆ. 2025ರ ಜೂನಿನಲ್ಲಿ ಚಿತ್ತೂರು ಕಡೆ ನಮ್ಮ ತೋತಾಪುರಿಯನ್ನು ಒಳಗೆ ಬಿಡದೆ ಬೆಲೆ ಬಿದ್ದಾಗ, ಕಿತ್ತ ಕೂಲಿಯೂ ಹುಟ್ಟದೆ ಎಷ್ಟೋ ಜನ ಕಾಯಿ ಸುರಿದರು. ನನಗೂ ನಷ್ಟವೇ. ಆದ್ರೆ ಉಳುಮೆ ಸಾಲ ತಲೆ ಮೇಲೆ ಇರಲಿಲ್ಲ, ಬಣವೆಯಲ್ಲಿ ಹುಲ್ಲಿತ್ತು.

ಗಾಡಿಯ ಕೊರತೆಯನ್ನೂ ಹೇಳ್ತೀನಿ. ಭಾರ ಜಾಸ್ತಿ, ಸಾಲಿನ ಕೊನೆಯಲ್ಲಿ ತಿರುಗಿಸೋಕೆ ರಟ್ಟೆ ಬೇಕು. ಲಾಂಟಾನ, ತಂಗಡಿಯಂಥ ಕಡ್ಡಿಗಿಡಕ್ಕೆ ಆಗಲ್ಲ, ಮಚ್ಚೇ ಬೇಕು. ಮರದ ಬುಡದಲ್ಲಿ ಕುಡುಗೋಲೇ. ಎಲ್ಲರೂ ಹೋಗಿ ಹಳೇ ಗಾಡಿ ಹುಡುಕಿ ಅಂತ ನಾನು ಹೇಳಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಯ ಹೊಸ ಯಂತ್ರ ವಿಚಾರಿಸಿ, ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರ ನೋಡಿ. ಆದ್ರೆ ಯಾವುದೇ ಗಾಡಿ ತಂದ್ರೂ ಮೊದಲ ವಾರದಲ್ಲೇ ಅದನ್ನು ಒಂದು ಸಾರಿ ನೀವೇ ಬಿಚ್ಚಿ ಹಾಕೋದು ಕಲೀರಿ. ಪ್ಲಗ್ಗಿಗೂ ಪೇಟೆಗೆ ಓಡೋ ರೈತನಿಗೆ ಹೊಸ ಗಾಡಿಯೂ ಎರಡು ವರ್ಷಕ್ಕೆ ಗುಜರಿ.

ಮೇಸ್ತ್ರಿ ತೀರಿಕೊಂಡು ಮೂರು ವರ್ಷ ಆಯ್ತು. ಗಣಿ ಧೂಳು ಅವರ ಶ್ವಾಸಕೋಶ ಸೇರಿತ್ತು. ಕೊನೆಕೊನೆಗೆ ನಾಲ್ಕು ಮೆಟ್ಟಿಲು ಹತ್ತೋಕೂ ನಿಂತು ನಿಂತು ಹತ್ತುತ್ತಿದ್ದರು. ಅವರ ಸ್ಪ್ಯಾನರ್ ಪೆಟ್ಟಿಗೆ ನನಗೆ ಕೊಟ್ಟು ಹೋಗಿದ್ದಾರೆ. ನಮ್ಮ ಹುಡುಗ ಈಗ ಭಾನುವಾರ ಮನೆಯಲ್ಲಿದ್ದಾಗ ನನ್ನ ಜೊತೆ ಗಾಡಿ ಬಿಚ್ಚೋಕೆ ಕೂರ್ತಾನೆ. ಬೋಲ್ಟುಗಳನ್ನು ಗೋಣಿ ಮೇಲೆ ಸಾಲಾಗಿ ಇಡಿಸ್ತೀನಿ. ನಿಂತ ಗಾಡಿಯೂ ಕಚ್ಚುತ್ತೆ ಅನ್ನೋದನ್ನ ಮೊದಲನೇ ಭಾನುವಾರವೇ ನನ್ನ ಬೆರಳು ತೋರಿಸಿ ಹೇಳಿದ್ದೀನಿ.

ಗಾಡಿ ಕೆಲಸ ನೋಡಬೇಕು ಅನ್ನೋರು ಹಸ್ತ ಮಳೆ ಮುಗಿದ ಮೇಲೆ ಬನ್ನಿ. ಮುದ್ದೆ, ಅವರೆಕಾಳಿನ ಸಾರು ಇರುತ್ತೆ. ನಿಮ್ಮ ಊರಲ್ಲೂ ಇಂಥ ಹಳೇ ಯಂತ್ರ ಓಡಿಸೋರು ಇದ್ರೆ ಪತ್ರಿಕೆಗೆ ಬರೀರಿ. ಅಲಗಿನ ತೂತು ಹೊಂದಿಸೋ ವಿಷಯದಲ್ಲಿ ನನಗಿಂತ ಒಳ್ಳೇ ಉಪಾಯ ಯಾರ ಹತ್ತಿರವಾದ್ರೂ ಇದ್ದೇ ಇರುತ್ತೆ.